ಗ್ರಾಂ ಲೆಕ್ಕದ ಗ್ರಾಫೀನು, ಕಿಲೋ ಲೆಕ್ಕದ ಚಿಪ್ಪು

ಗ್ರಾಫೀನ್ ಬಂತೆಂದರೆ ಮೊಬೈಲು ಅರೆ ನಿಮಿಷದಲ್ಲಿ ಚಾರ್ಜ್ ಆಗುತ್ತದೆ, ಒಂದು ಲೋಟ ಕಾಫಿ ಕುಡಿದು ಏಳುವಷ್ಟರಲ್ಲಿ ವಿದ್ಯುತ್ ಕಾರು ತುಂಬಿಕೊಂಡಿರುತ್ತದೆ ಎಂಬ ಸುದ್ದಿ ಹತ್ತಾರು ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಆ ಸುದ್ದಿಯ ಹಿಂದಿರುವ ವಿಜ್ಞಾನ ಸುಳ್ಳಲ್ಲ. ಪ್ರಯೋಗಾಲಯದಲ್ಲಿ ಅಳೆದ ಅಂಕಿಗಳೂ ಸುಳ್ಳಲ್ಲ. ಆದರೂ ಹೀಗೆ ಕ್ಷಣದಲ್ಲಿ ಚಾರ್ಜ್ ಆಗುವ, ಇವತ್ತು ಮಾರುಕಟ್ಟೆಯಲ್ಲಿ ಸಿಗುವ ಸೂಪರ್‌ಕೆಪಾಸಿಟರ್ ಎಂಬ ಸಾಧನವನ್ನು ಕೊಯ್ದು ನೋಡಿದರೆ ಒಳಗಿರುವುದು ಹೆಚ್ಚಾಗಿ ಆಕ್ಟಿವೇಟೆಡ್ ಕಾರ್ಬನ್ ಎಂಬ ಕಪ್ಪು ಪುಡಿ. ಅದರಲ್ಲಿ ದೊಡ್ಡ ಪಾಲು ತೆಂಗಿನ ಚಿಪ್ಪನ್ನು ಸುಟ್ಟು ಮಾಡಿದ್ದು. ನೊಬೆಲ್ ಬಹುಮಾನ ತಂದ ವಸ್ತು ಹೊರಗೆ ಕಾಯುತ್ತಿದೆ, ಒಲೆಗೆ ಹಾಕುವ ವಸ್ತು ಒಳಗೆ ದುಡಿಯುತ್ತಿದೆ.

ಉದ್ಯಮದವರ ಜಡತನದಿಂದ ಹೀಗಾಗಿದೆ ಎಂದು ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಚಿಪ್ಪು ಗೆದ್ದಿರುವುದಕ್ಕೆ ಭೌತಶಾಸ್ತ್ರದಲ್ಲೇ ಕಾರಣವಿದೆ. ಗ್ರಾಫೀನಿನಂಥ ನ್ಯಾನೊ ಇಂಗಾಲವನ್ನು ನಾವು ಅಳೆಯುತ್ತಿರುವ ಅಳತೆಗೋಲು ಆ ಕಾರಣವನ್ನು ಕಾಣದಂತೆ ಮಾಡಿದೆ ಎಂಬುದೇ ನನ್ನ ವಾದ.

ಮೊದಲು ಈ ಸಾಧನ ಕೆಲಸ ಮಾಡುವ ಬಗೆಯನ್ನು ನೋಡಬೇಕು. ಬ್ಯಾಟರಿಯಲ್ಲಿ ರಾಸಾಯನಿಕ ಕ್ರಿಯೆ ನಡೆಯುತ್ತದೆ. ಲಿಥಿಯಂ ಅಯಾನು ಒಂದು ಹರಳಿನೊಳಗಿಂದ ಹೊರಟು ಇನ್ನೊಂದರೊಳಗೆ ನುಗ್ಗಬೇಕು. ಅದಕ್ಕೆ ಸಮಯ ಬೇಕು, ಪ್ರತಿ ಸಲವೂ ಹರಳು ಒಂದಿಷ್ಟು ಸವೆಯುತ್ತದೆ. ಸೂಪರ್‌ಕೆಪಾಸಿಟರಿನಲ್ಲಿ ಅಂಥ ಕ್ರಿಯೆಯೇ ಇಲ್ಲ. ಇಂಗಾಲದ ಎರಡು ಎಲೆಕ್ಟ್ರೋಡುಗಳು ಲವಣ ಕರಗಿದ ದ್ರವದಲ್ಲಿ ಮುಳುಗಿರುತ್ತವೆ. ವೋಲ್ಟೇಜ್ ಕೊಟ್ಟೊಡನೆ ಒಂದರ ಮೈಗೆ ಧನ ಅಯಾನುಗಳು, ಇನ್ನೊಂದರ ಮೈಗೆ ಋಣ ಅಯಾನುಗಳು ಬಂದು ಅಂಟಿಕೊಳ್ಳುತ್ತವೆ. ದ್ರವದಲ್ಲಿ ಒಂದು ಪದರ, ಇಂಗಾಲದಲ್ಲಿ ಅದಕ್ಕೆ ಎದುರಾದ ವಿದ್ಯುದಾವೇಶದ ಇನ್ನೊಂದು ಪದರ. ಈ ಜೋಡಿ ಪದರದ ಕಲ್ಪನೆಯನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ಕೊಟ್ಟಿದ್ದ. ಎರಡು ಪದರಗಳ ನಡುವಿನ ಅಂತರ ಒಂದು ನ್ಯಾನೊಮೀಟರಿಗಿಂತಲೂ ಕಡಿಮೆ. ಅಂತರ ಕಡಿಮೆಯಾದಷ್ಟೂ, ಮೈ ವಿಸ್ತಾರವಾದಷ್ಟೂ ಹಿಡಿಯುವ ವಿದ್ಯುದಾವೇಶ ಹೆಚ್ಚು. ಅಂತರವನ್ನು ಪ್ರಕೃತಿಯೇ ಕೊಟ್ಟಿದೆ, ಮೈಯನ್ನು ನಾವು ಒದಗಿಸಬೇಕು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಹೊವಾರ್ಡ್ ಬೆಕರ್ ರಂಧ್ರಮಯ ಇಂಗಾಲವನ್ನು ಬಳಸಿ ಇಂಥ ಕೆಪಾಸಿಟರಿಗೆ 1957ರಲ್ಲಿ ಪೇಟೆಂಟ್ ಪಡೆದ. ಶಕ್ತಿ ಎಲ್ಲಿ, ಹೇಗೆ ನಿಲ್ಲುತ್ತಿದೆ ಎಂಬುದು ಅವನಿಗೂ ಪೂರ್ತಿ ಸ್ಪಷ್ಟವಿರಲಿಲ್ಲ. ಕೆಲಸವಂತೂ ಆಗುತ್ತಿತ್ತು.

ಮೈಯ ವಿಸ್ತಾರ ಎಂದೆನಲ್ಲ, ಅದನ್ನು ನಮ್ಮ ಜಮೀನಿನ ಅಳತೆಯಲ್ಲಿ ಹೇಳಬಹುದು. ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್ ಒಂದು ಗ್ರಾಂ ತೆಗೆದುಕೊಂಡರೆ ಅದರ ಒಳಗಿನ ರಂಧ್ರಗಳ ಗೋಡೆಗಳೆಲ್ಲ ಸೇರಿ 1,500ರಿಂದ 2,000 ಚದರ ಮೀಟರ್, ಎಂದರೆ ಹದಿನೈದು ಇಪ್ಪತ್ತು ಗುಂಟೆ. ಇನ್ನು ಗ್ರಾಫೀನ್ ಎಂದರೆ ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ. ಎರಡೂ ಬದಿ ಲೆಕ್ಕ ಹಿಡಿದರೆ ಒಂದು ಗ್ರಾಮಿಗೆ 2,630 ಚದರ ಮೀಟರ್, ಸುಮಾರು ಇಪ್ಪತ್ತಾರು ಗುಂಟೆ. ಅಖಂಡ ಹಾಳೆಗೆ ಇದು ಸಿದ್ಧಾಂತದ ಮೇಲ್ಮಿತಿ. ಇಲ್ಲೇ ಒಂದು ಕ್ಷಣ ನಿಂತು ಯೋಚಿಸಬೇಕು. ಅತ್ಯಂತ ಪರಿಪೂರ್ಣವಾದ ಗ್ರಾಫೀನ್ ಕೂಡ ಚಿಪ್ಪಿನ ಇದ್ದಿಲಿಗಿಂತ ಹೆಚ್ಚೆಂದರೆ ಮೂರನೇ ಒಂದು ಪಾಲೋ ಮುಕ್ಕಾಲು ಪಾಲೋ ಹೆಚ್ಚು ಜಾಗ ಕೊಡಬಲ್ಲದು. ಹತ್ತು ಪಟ್ಟು, ನೂರು ಪಟ್ಟು ಎಂಬ ಮಾತಿಗೆ ಆರಂಭದಲ್ಲೇ ಆಧಾರವಿರಲಿಲ್ಲ.

ಅಳೆದು ಬಂದ ಅಂಕಿಗಳನ್ನೇ ನೋಡೋಣ. ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಇಂಗಾಲದ ನ್ಯಾನೊನಳಿಗೆಗಳನ್ನು ಲೋಕದ ಗಮನಕ್ಕೆ ತಂದ ಆರು ವರ್ಷಗಳಲ್ಲೇ, 1997ರಲ್ಲಿ, ಅಮೆರಿಕದ ಹೈಪೀರಿಯನ್ ಕಂಪನಿಯ ತಂಡ ಅವುಗಳಿಂದ ಎಲೆಕ್ಟ್ರೋಡ್ ಮಾಡಿ ಗ್ರಾಮಿಗೆ 102 ಫ್ಯಾರಡ್ (ವಿದ್ಯುದಾವೇಶ ಹಿಡಿಯುವ ಸಾಮರ್ಥ್ಯದ, ಎಂದರೆ ಕೆಪಾಸಿಟೆನ್ಸಿನ, ಮಾನ) ಪಡೆಯಿತು. ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ಗ್ರಾಫೀನನ್ನು ಬೇರ್ಪಡಿಸಿದ್ದು 2004ರಲ್ಲಿ. ಅದಾಗಿ ನಾಲ್ಕು ವರ್ಷಕ್ಕೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಗ್ರಾಫೀನ್ ಎಲೆಕ್ಟ್ರೋಡಿನ ಕೆಪಾಸಿಟರ್ ಮಾಡಿ, ಸಲ್ಫ್ಯೂರಿಕ್ ಆಮ್ಲದಲ್ಲಿ ಗ್ರಾಮಿಗೆ 117 ಫ್ಯಾರಡ್ ಬಂದುದನ್ನು ಪ್ರಕಟಿಸಿತು. ಆ ಪ್ರಬಂಧ ಬಂದದ್ದು ಬೆಂಗಳೂರಿನಿಂದಲೇ ಹೊರಡುವ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಅದೇ 2008ರಲ್ಲಿ ಟೆಕ್ಸಸ್‌ನ ರಾಡ್ನಿ ರೂಆಫ್ ಅವರ ತಂಡ ನೀರಿನ ದ್ರಾವಣದಲ್ಲಿ 135, ಸಾವಯವ ದ್ರಾವಣದಲ್ಲಿ 99 ಫ್ಯಾರಡ್ ವರದಿ ಮಾಡಿತು. ಲೋಕದ ಉಲ್ಲೇಖಗಳಲ್ಲಿ ಟೆಕ್ಸಸ್‌ನ ಪ್ರಬಂಧವೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಜಕ್ಕೂರಿನ ಕೆಲಸಕ್ಕೂ ಅಷ್ಟೇ ಗೌರವ ಸಲ್ಲಬೇಕು ಎಂಬುದು ನನ್ನ ಅನಿಸಿಕೆ.

ಇವೆಲ್ಲ ಹೆಮ್ಮೆಪಡಬೇಕಾದ ಕೆಲಸಗಳೇ. ಆದರೆ ಪಕ್ಕದಲ್ಲಿ ಇನ್ನೊಂದು ಸಾಲು ಬರೆದುಕೊಳ್ಳಿ: ಆಕ್ಟಿವೇಟೆಡ್ ಕಾರ್ಬನ್, ಸಾವಯವ ದ್ರಾವಣದಲ್ಲಿ 100ರಿಂದ 120, ನೀರಿನ ದ್ರಾವಣದಲ್ಲಿ 150ರಿಂದ 300. ಚಿಪ್ಪಿನ ಪುಡಿ ಅಷ್ಟು ಹೊತ್ತಿಗಾಗಲೇ ಗ್ರಾಫೀನಿನ ಸಮಕ್ಕೆ, ಕೆಲವು ಕಡೆ ಮುಂದೆಯೇ ಇತ್ತು.

ಗ್ರಾಫೀನಿಗೆ ಸಿದ್ಧಾಂತ ಹೇಳುವ ಮಿತಿ ಗ್ರಾಮಿಗೆ ಸುಮಾರು 550 ಫ್ಯಾರಡ್. ಆ ಮಿತಿಯ ಕಾಲು ಭಾಗಕ್ಕೇ ಅದು ನಿಂತುಹೋದದ್ದು ಏಕೆ? ಮೊದಲ ಕಾರಣ ಎಲ್ಲರಿಗೂ ಗೊತ್ತಿರುವುದೇ. ಬಿಡಿ ಹಾಳೆಗಳು ಒಣಗುವಾಗ ಒಂದರ ಮೇಲೊಂದು ಅಂಟಿಕೊಂಡು ಮತ್ತೆ ಗ್ರಾಫೈಟ್ ಆಗಲು ಹೊರಡುತ್ತವೆ. ಕಷ್ಟಪಟ್ಟು ಬಿಡಿಸಿದ ಮೈ ಹೀಗೆ ಮುಚ್ಚಿಹೋಗುತ್ತದೆ. ಎರಡನೆಯ ಕಾರಣ ಇನ್ನೂ ಆಳದ್ದು. ಹೊರಗೆ ಅಯಾನುಗಳು ಎಷ್ಟೇ ಬಂದು ನಿಂತರೂ ಅವಕ್ಕೆ ಎದುರಾಗಿ ಹಾಳೆಯೊಳಗೆ ಅಷ್ಟೇ ಎಲೆಕ್ಟ್ರಾನುಗಳು ಕೂಡಬೇಕು. ಲೋಹದಲ್ಲಿ ಅವಕ್ಕೆ ಜಾಗದ ಕೊರತೆಯಿಲ್ಲ. ಪರಿಶುದ್ಧ ಗ್ರಾಫೀನಿನಲ್ಲಿ, ಅದರ ಸಹಜ ಸ್ಥಿತಿಯ ಹತ್ತಿರ, ಎಲೆಕ್ಟ್ರಾನುಗಳಿಗೆ ಸಿಗುವ ಶಕ್ತಿಮಟ್ಟಗಳೇ ವಿರಳ. ಇದಕ್ಕೆ ಕ್ವಾಂಟಂ ಕೆಪಾಸಿಟೆನ್ಸ್ ಎಂದು ಹೆಸರು. 2009ರಲ್ಲಿ ಇದನ್ನು ನೇರವಾಗಿ ಅಳೆದು ತೋರಿಸಿದರು. ಒಂದೇ ಪರಮಾಣು ದಪ್ಪದ ಹಾಳೆ ತನ್ನ ಎರಡೂ ಬದಿಯ ಅಯಾನುಗಳಿಗೆ ಪೂರ್ತಿ ಲೆಕ್ಕ ಒಪ್ಪಿಸಲಾರದು. ಯಾವ ಗುಣಕ್ಕಾಗಿ ಗ್ರಾಫೀನ್ ಹೆಸರಾಯಿತೋ, ಆ ಅತಿತೆಳುವಾದ ದೋಷರಹಿತ ರಚನೆಯೇ ಇಲ್ಲಿ ಅದಕ್ಕೆ ತೊಡಕು.

ಇಲ್ಲಿಂದ ಮುಂದಿನದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ. ರಂಧ್ರ ತೀರ ಚಿಕ್ಕದಾದರೆ ಅಯಾನು ಒಳಗೆ ಹೋಗಲಾರದು ಎಂದು ಎಲ್ಲರೂ ನಂಬಿದ್ದರು. ದ್ರಾವಣದಲ್ಲಿರುವ ಅಯಾನು ಬರಿಮೈಯಲ್ಲಿ ಇರುವುದಿಲ್ಲ, ದ್ರಾವಕದ ಅಣುಗಳನ್ನು ಸುತ್ತ ಕಟ್ಟಿಕೊಂಡು ಓಡಾಡುತ್ತದೆ. ಆ ಕವಚ ಸಮೇತ ಅದರ ಗಾತ್ರ ಒಂದು ನ್ಯಾನೊಮೀಟರಿಗಿಂತ ಹೆಚ್ಚು. ಆದ್ದರಿಂದ ಅದಕ್ಕಿಂತ ಕಿರಿದಾದ ರಂಧ್ರ ವ್ಯರ್ಥ ಎಂಬುದು ಲೆಕ್ಕಾಚಾರ. ಫಿಲಡೆಲ್ಫಿಯಾದ ಯೂರಿ ಗೊಗೊತ್ಸಿ ಮತ್ತು ಫ್ರಾನ್ಸಿನ ಟುಲೂಸ್‌ನ ಪ್ಯಾಟ್ರಿಸ್ ಸಿಮಾನ್ ಅವರ ತಂಡಗಳು ಕಾರ್ಬೈಡುಗಳಿಂದ ಲೋಹವನ್ನು ಕ್ಲೋರಿನ್ ಬಳಸಿ ಹೊರತೆಗೆದು, ರಂಧ್ರದ ಗಾತ್ರವನ್ನು ಬೇಕಾದಂತೆ ಹೊಂದಿಸಬಹುದಾದ ಇಂಗಾಲ ಮಾಡಿಕೊಂಡವು. 2006ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಲೆಕ್ಕಾಚಾರವನ್ನು ತಲೆಕೆಳಗು ಮಾಡಿತು. ರಂಧ್ರ ಒಂದು ನ್ಯಾನೊಮೀಟರಿಗಿಂತ ಕಿರಿದಾದಾಗ ಚದರ ಸೆಂಟಿಮೀಟರಿಗೆ ಸಿಗುವ ಕೆಪಾಸಿಟೆನ್ಸ್ ಏಕಾಏಕಿ ಏರಿತ್ತು. ಅಯಾನು ತನ್ನ ಕವಚವನ್ನು ಒಂದಿಷ್ಟು ಕಳಚಿಟ್ಟು ಒಳಗೆ ನುಸುಳಿ ಗೋಡೆಗೆ ಇನ್ನೂ ಹತ್ತಿರ ಹೋಗುತ್ತದೆ ಎಂಬುದು ಅವರು ಕೊಟ್ಟ ವಿವರಣೆ.

2024ರಲ್ಲಿ ಕೇಂಬ್ರಿಜ್‌ನ ಅಲೆಕ್ಸಾಂಡರ್ ಫೋರ್ಸ್, ಕ್ಲೇರ್ ಗ್ರೇ ಮತ್ತಿತರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಪ್ಪತ್ತು ಬಗೆಯ ರಂಧ್ರಮಯ ಇಂಗಾಲಗಳನ್ನು ಎನ್‌ಎಂಆರ್ (ಪರಮಾಣು ಕಾಂತೀಯ ಅನುರಣನ) ತಂತ್ರದಿಂದ ಪರೀಕ್ಷಿಸಿದಾಗ, ರಂಧ್ರದ ಸರಾಸರಿ ಗಾತ್ರಕ್ಕೂ ಕೆಪಾಸಿಟೆನ್ಸಿಗೂ ನೇರ ಸಂಬಂಧ ಸಿಗಲಿಲ್ಲ. ಸಂಬಂಧ ಸಿಕ್ಕಿದ್ದು ಅವ್ಯವಸ್ಥೆಯ ಜೊತೆ. ಯಾವ ಇಂಗಾಲದಲ್ಲಿ ಪರಮಾಣುಗಳ ಕ್ರಮಬದ್ಧ ಷಟ್ಕೋನಗಳ ತುಣುಕುಗಳು ಚಿಕ್ಕಚಿಕ್ಕವಾಗಿ, ಅಡ್ಡಾದಿಡ್ಡಿಯಾಗಿ ಇದ್ದವೋ ಅದು ಹೆಚ್ಚು ಹಿಡಿಯಿತು. ಎರಡು ದಶಕ ನಾವು ದೋಷರಹಿತ ಹಾಳೆಯನ್ನು ಬೆನ್ನಟ್ಟಿದೆವು. ಶಕ್ತಿ ಹಿಡಿದಿಡುವ ಕೆಲಸಕ್ಕೆ ಬೇಕಾದದ್ದು ಮುರಿದ, ಸೊಟ್ಟಗಾದ, ಅಂಚುಗಳೇ ತುಂಬಿದ ಇಂಗಾಲ. ಚಿಪ್ಪನ್ನು ಸುಟ್ಟಾಗ ಸಿಗುವುದು ಇಂಥದೇ.

ಈಗ ಅಳತೆಗೋಲಿನ ವಿಷಯ. ಪ್ರಬಂಧಗಳಲ್ಲಿ ಕಾಣುವ ಗ್ರಾಮಿಗೆ ಇಷ್ಟು ಫ್ಯಾರಡ್ ಎಂಬ ಅಂಕಿ ಬರೀ ಇಂಗಾಲದ ತೂಕಕ್ಕೆ, ಅದೂ ಒಂದೇ ಎಲೆಕ್ಟ್ರೋಡಿಗೆ ಸಂಬಂಧಿಸಿದ್ದು. ಹಲಸಿನ ಹಣ್ಣನ್ನು ತೊಳೆಯ ತೂಕದಲ್ಲಿ ವ್ಯಾಪಾರ ಮಾಡಿದಂತೆ ಇದು. ಹೊತ್ತು ತರಬೇಕಾದವನು ಮುಳ್ಳಿನ ಸಿಪ್ಪೆ, ಅಂಟು, ನಾರು, ಬೀಜ ಎಲ್ಲವನ್ನೂ ಹೊರಬೇಕು. ಸಾಧನದಲ್ಲಿ ಎರಡು ಎಲೆಕ್ಟ್ರೋಡುಗಳು ಸರಣಿಯಲ್ಲಿರುತ್ತವೆ. ಆದ್ದರಿಂದ ಗ್ರಾಮಿಗೆ 100 ಫ್ಯಾರಡ್ ಎಂದದ್ದು ಎರಡೂ ಕಡೆಯ ಇಂಗಾಲ ಸೇರಿಸಿ ನೋಡಿದಾಗ 25ಕ್ಕೆ ಇಳಿಯುತ್ತದೆ. 2.7 ವೋಲ್ಟಿನಲ್ಲಿ ಅದು ಒಂದು ಕಿಲೋ ಇಂಗಾಲಕ್ಕೆ ಸುಮಾರು 25 ವಾಟ್-ಗಂಟೆ. ಅಲ್ಯೂಮಿನಿಯಂ ಹಾಳೆ, ನಡುವಿನ ಕಾಗದದಂಥ ಪೊರೆ, ದ್ರಾವಣ, ಹೊರಗಿನ ಡಬ್ಬಿ ಎಲ್ಲ ಸೇರಿದ ಮೇಲೆ ಇಂಗಾಲದ ಪಾಲು ಒಟ್ಟು ತೂಕದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಕೊನೆಗೆ ಕೈಗೆ ಬರುವುದು ಕಿಲೋಗೆ ಆರೇಳು ವಾಟ್-ಗಂಟೆ. ಮಾರುಕಟ್ಟೆಯ 3,000 ಫ್ಯಾರಡಿನ ಸೆಲ್ ಅರ್ಧ ಕಿಲೋ ತೂಗುತ್ತದೆ, ಮೂರು ವಾಟ್-ಗಂಟೆ ಹಿಡಿಯುತ್ತದೆ. ಒಂಬತ್ತು ವಾಟಿನ ಎಲ್‌ಇಡಿ ಬಲ್ಬನ್ನು ಇಪ್ಪತ್ತು ನಿಮಿಷ ಉರಿಸಬಹುದು, ಅಷ್ಟೇ. ಜೇಬಿನಲ್ಲಿರುವ ಮೊಬೈಲಿನ ಪುಟ್ಟ ಬ್ಯಾಟರಿಯಲ್ಲಿ ಇದರ ಐದಾರು ಪಟ್ಟು ಶಕ್ತಿ ಇರುತ್ತದೆ.

ನ್ಯಾನೊ ಇಂಗಾಲಕ್ಕೆ ಈ ಲೆಕ್ಕ ಇನ್ನೂ ಕಠಿಣ. ಗ್ರಾಫೀನಿನ ನೊರೆಯೂ ನಳಿಗೆಗಳ ಕಾಡೂ ಹತ್ತಿಯಂತೆ ಹಗುರ. ಉದ್ಯಮದ ಎಲೆಕ್ಟ್ರೋಡ್ ಒಂದು ಘನ ಸೆಂಟಿಮೀಟರಿಗೆ ಅರ್ಧ ಗ್ರಾಮಿನಷ್ಟು ಇಂಗಾಲ ಹಿಡಿದರೆ, ಇವು ಅದರ ಸಣ್ಣ ಪಾಲನ್ನಷ್ಟೇ ಹಿಡಿಯುತ್ತವೆ. ಉಳಿದ ಖಾಲಿ ಜಾಗದಲ್ಲಿ ದುಬಾರಿ ದ್ರಾವಣ ತುಂಬಿಕೊಳ್ಳುತ್ತದೆ. ಅದಕ್ಕೂ ತೂಕವಿದೆ, ಬೆಲೆಯಿದೆ. ಇನ್ನು ದಪ್ಪದ ವಿಷಯ. ಕಾರ್ಖಾನೆಯ ಎಲೆಕ್ಟ್ರೋಡು ನೂರರಿಂದ ಇನ್ನೂರು ಮೈಕ್ರಾನ್ ದಪ್ಪ ಇರುತ್ತದೆ. ಪ್ರಯೋಗಾಲಯದಲ್ಲಿ ಒಂದೆರಡು ಮೈಕ್ರಾನಿನ ಪೊರೆ ಮಾಡಿ ಅಳೆದರೆ ಅದ್ಭುತವಾದ ಅಂಕಿ ಬರುತ್ತದೆ. ಆ ಪೊರೆಗೆ ಆಸರೆಯಾದ ಲೋಹದ ಹಾಳೆ ಅದಕ್ಕಿಂತ ಹತ್ತಾರು ಪಟ್ಟು ಭಾರ ಎಂಬುದು ಅಂಕಿಯಲ್ಲಿ ಕಾಣುವುದಿಲ್ಲ. ಗೊಗೊತ್ಸಿ ಮತ್ತು ಸಿಮಾನ್ 2011ರಲ್ಲೇ ಸೈನ್ಸ್ ಪತ್ರಿಕೆಯಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದ್ದರು. ನ್ಯಾನೊ ಇಂಗಾಲದ ಮೇಲೆಯೇ ಬದುಕು ಕಟ್ಟಿಕೊಂಡ ವಿಜ್ಞಾನಿಗಳು ಆಡಿದ ಮಾತು ಎಂಬುದರಿಂದ ಅದಕ್ಕೆ ತೂಕ ಹೆಚ್ಚು. ಆ ಎಚ್ಚರಿಕೆಯನ್ನು ಪತ್ರಿಕಾ ಪ್ರಕಟಣೆಗಳು ಇನ್ನೂ ಓದಿದಂತಿಲ್ಲ.

ಎದುರು ವಾದವನ್ನು ನ್ಯಾಯವಾಗಿ ಕೇಳಬೇಕು. ಗ್ರಾಫೀನಿನಿಂದ ದೊಡ್ಡ ಅಂಕಿಗಳು ಬಂದಿಲ್ಲವೇ? ಬಂದಿವೆ. 2011ರಲ್ಲಿ ರೂಆಫ್ ತಂಡ ಗ್ರಾಮಿಗೆ 3,100 ಚದರ ಮೀಟರ್ ಮೈಯುಳ್ಳ ಇಂಗಾಲ ಮಾಡಿತು. ಅದನ್ನು ಮಾಡಿದ ಬಗೆ ನೋಡಿ: ಗ್ರಾಫೈಟ್ ಆಕ್ಸೈಡನ್ನು ಮೈಕ್ರೊವೇವಿನಲ್ಲಿ ಉಬ್ಬಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಕಾಸಿ, ತುಂಬ ಸಣ್ಣ ರಂಧ್ರಗಳನ್ನು ಕೊರೆದರು. ಆಕ್ಟಿವೇಟೆಡ್ ಕಾರ್ಬನ್ ಮಾಡುವವರು ಹಿಂದಿನಿಂದಲೂ ಬಳಸುತ್ತ ಬಂದ ವಿಧಾನವೇ ಇದು. 2013ರಲ್ಲಿ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಡಾನ್ ಲಿ ತಂಡ ಗ್ರಾಫೀನ್ ಹಾಳೆಗಳ ನಡುವೆ ದ್ರಾವಣ ಉಳಿಯುವಂತೆ ನೋಡಿಕೊಂಡು ಒತ್ತಿ ಒತ್ತಿ ಸಾಂದ್ರಗೊಳಿಸಿತು. ಲೀಟರಿಗೆ 60 ವಾಟ್-ಗಂಟೆಯ ಹತ್ತಿರ ಬಂದ ಆ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಎಸ್ಟೋನಿಯಾದ ಸ್ಕೆಲಿಟನ್ ಕಂಪನಿ ಬಾಗಿದ ಗ್ರಾಫೀನ್ ಎಂಬ ಹೆಸರಿನಲ್ಲಿ ಮಾರುವುದು ಕಾರ್ಬೈಡಿನಿಂದ ತೆಗೆದ, ಸುಕ್ಕುಸುಕ್ಕಾದ ರಂಧ್ರಮಯ ಇಂಗಾಲವನ್ನು. ಈ ಮೂರರಲ್ಲೂ ಒಂದೇ ಸಂಗತಿ ಎದ್ದು ಕಾಣುತ್ತದೆ. ಗ್ರಾಫೀನ್ ಗೆದ್ದಲ್ಲೆಲ್ಲ ಅದು ತನ್ನ ಬಿಡಿತನ, ಚಪ್ಪಟೆತನ, ಹಗುರತನವನ್ನು ಬಿಟ್ಟುಕೊಟ್ಟೇ ಗೆದ್ದಿದೆ.

ಹಾಗೆಂದು ನ್ಯಾನೊ ಇಂಗಾಲಕ್ಕೆ ಜಾಗವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದರ ನಿಜವಾದ ಜಾಗ ವೇಗದಲ್ಲಿದೆ. ರಂಧ್ರದೊಳಗೆ ಹೋಗಿ ಬರಲು ಅಯಾನಿಗೆ ಸಮಯ ಬೇಕು. ರಂಧ್ರವೇ ಇಲ್ಲದ, ಬಯಲಿಗೆ ತೆರೆದ ಮೈಯಿದ್ದರೆ ಆ ವಿಳಂಬವಿಲ್ಲ. 2010ರಲ್ಲಿ ಅಮೆರಿಕದ ಜಾನ್ ಮಿಲ್ಲರ್ ಮತ್ತು ಸಂಗಡಿಗರು ಲೋಹದ ಮೇಲೆ ನೆಟ್ಟಗೆ ನಿಲ್ಲುವ ಗ್ರಾಫೀನ್ ಹಾಳೆಗಳನ್ನು ಬೆಳೆಸಿ, ಸೆಕೆಂಡಿಗೆ 120 ಬಾರಿ ಏರಿಳಿಯುವ ವಿದ್ಯುತ್ತನ್ನು ಸಮ ಮಾಡುವ ಕೆಪಾಸಿಟರ್ ತೋರಿಸಿದರು. ಇವತ್ತು ಪ್ರತಿ ಚಾರ್ಜರಿನೊಳಗೂ ಆ ಕೆಲಸ ಮಾಡುತ್ತಿರುವುದು ಗಾತ್ರದಲ್ಲಿ ದೊಡ್ಡದಾದ ಅಲ್ಯೂಮಿನಿಯಂ ಕೆಪಾಸಿಟರ್. ಚಿಪ್ಪಿನ ಇದ್ದಿಲು ಅಲ್ಲಿ ಓಡಲಾರದು. ಅದೇ ವರ್ಷ ಈರುಳ್ಳಿಯ ಪದರಗಳಂಥ ಇಂಗಾಲದ ಕಣಗಳಿಂದ ಚಿಪ್ ಮೇಲೆ ಕೂರುವಷ್ಟು ಚಿಕ್ಕ ಕೆಪಾಸಿಟರುಗಳೂ ಬಂದವು. ಇನ್ನು ನಳಿಗೆಗಳು ಲಿಥಿಯಂ ಬ್ಯಾಟರಿಯ ಎಲೆಕ್ಟ್ರೋಡಿನಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಪ್ರಮಾಣದಲ್ಲಿ ಸೇರಿ ವಿದ್ಯುತ್ತಿಗೆ ದಾರಿ ಮಾಡಿಕೊಡುವ ಕೆಲಸದಲ್ಲಿ ಈಗಾಗಲೇ ನೆಲೆಯೂರಿವೆ.

ಸೂಪರ್‌ಕೆಪಾಸಿಟರ್ ಮಾಡಬೇಕಾದ ಕೆಲಸ ಯಾವುದೆಂಬುದನ್ನೂ ಈ ಅಬ್ಬರ ಮರೆಸಿದೆ. ಪಾವಗಡದ ಸೌರ ಪಾರ್ಕಿನ ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡುವುದು ಅದರ ಕೆಲಸವಲ್ಲ. ಕೆಲವು ಸೆಕೆಂಡುಗಳಲ್ಲಿ ದೊಡ್ಡ ಶಕ್ತಿಯನ್ನು ಕೊಟ್ಟು, ಪಡೆದು, ಹೀಗೆ ಹತ್ತು ಲಕ್ಷ ಸಲ ಮಾಡಿಯೂ ಸೋಲದಿರುವುದು ಅದರ ಗುಣ. ಏರ್‌ಬಸ್ ಎ380 ವಿಮಾನದ ತುರ್ತು ಬಾಗಿಲುಗಳಿಗೆ ಅದನ್ನು ಆರಿಸಿದ್ದು ಈ ಭರವಸೆಗಾಗಿ. ಚೀನಾದ ಗ್ವಾಂಗ್‌ಜೌ ನಗರದಲ್ಲಿ ತಂತಿಯಿಲ್ಲದೆ ಓಡುವ ಟ್ರಾಮು ಪ್ರಯಾಣಿಕರು ಹತ್ತಿಳಿಯುವ ಅರೆ ನಿಮಿಷದಲ್ಲಿ ತುಂಬಿಕೊಂಡು ಮುಂದಿನ ನಿಲ್ದಾಣ ಸೇರುತ್ತದೆ. ಗಾಳಿ ವಿಪರೀತವಾದಾಗ ವಿದ್ಯುತ್ ಜಾಲ ಕೈಕೊಟ್ಟರೂ ಗಾಳಿಯಂತ್ರದ ರೆಕ್ಕೆಗಳನ್ನು ತಿರುಗಿಸಿ ನಿಲ್ಲಿಸಬೇಕು. ಅನೇಕ ಯಂತ್ರಗಳಲ್ಲಿ ನೂರು ಮೀಟರ್ ಎತ್ತರದಲ್ಲಿ, ರೆಕ್ಕೆಗಳು ಕೂಡುವ ತಾವಿನಲ್ಲಿ, ಬ್ಯಾಟರಿಯ ಬದಲು ಇದೇ ಕುಳಿತಿರುತ್ತದೆ. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಪದೇ ಪದೇ ಹತ್ತಿ ಬ್ಯಾಟರಿ ಬದಲಿಸುವುದು ಎಂಥ ಕೆಲಸವೆಂದು ಊಹಿಸಿದರೆ ಇದರ ಬೆಲೆ ತಿಳಿಯುತ್ತದೆ. ಇಂಥ ಕೆಲಸಗಳಿಗೆ ಬೇಕಾದದ್ದು ಅಗ್ಗದ, ಶುದ್ಧವಾದ, ಟನ್ನುಗಟ್ಟಲೆ ಒಂದೇ ಗುಣದಲ್ಲಿ ಸಿಗುವ ಇಂಗಾಲ.

ಇಲ್ಲಿ ಕರ್ನಾಟಕಕ್ಕೆ ಹೇಳಬೇಕಾದದ್ದಿದೆ. ತಿಪಟೂರಿನ ಸುತ್ತ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸಿ, ಸುಲಿದು, ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಉಳಿದ ಚಿಪ್ಪು ಉರುವಲಾಗುತ್ತದೆ, ಇಲ್ಲವೇ ಇದ್ದಿಲು ಮಾಡುವವರ ಪಾಲಾಗುತ್ತದೆ. ತೆಂಗಿನ ಚಿಪ್ಪಿನ ಇದ್ದಿಲು, ಆಕ್ಟಿವೇಟೆಡ್ ಕಾರ್ಬನ್ ರಫ್ತು ಮಾಡುವ ಮುಖ್ಯ ದೇಶಗಳಲ್ಲಿ ಭಾರತವೂ ಒಂದು. ಆದರೆ ಎಲೆಕ್ಟ್ರೋಡ್ ದರ್ಜೆಯ ಪುಡಿ ಎಂದೊಡನೆ ಸಂಶೋಧಕರ ಬಾಯಲ್ಲಿ ಬರುವ ಹೆಸರು ಜಪಾನಿನ ಕುರಾರೆ ಕಂಪನಿಯ ವೈಪಿ-50ಎಫ್. ಅದರ ಮೂಲವೂ ತೆಂಗಿನ ಚಿಪ್ಪೇ. ನೀರಿನ ಫಿಲ್ಟರಿಗೆ ಹಾಕುವ ಪುಡಿಗೂ ಇದಕ್ಕೂ ಇರುವ ವ್ಯತ್ಯಾಸ ಮಾಂತ್ರಿಕವಾದದ್ದೇನಲ್ಲ. ಚಿಪ್ಪಿನಲ್ಲಿ ಸಹಜವಾಗಿರುವ ಪೊಟ್ಯಾಸಿಯಂ, ಸುಡುವ ಡ್ರಮ್ಮಿನಿಂದ ಬರುವ ಕಬ್ಬಿಣ, ಇಂಗಾಲದ ಅಂಚುಗಳಿಗೆ ಅಂಟಿದ ಆಮ್ಲಜನಕದ ಗುಂಪುಗಳು ಇವನ್ನೆಲ್ಲ ತೆಗೆಯಬೇಕು, ಕಣದ ಗಾತ್ರ ಒಂದೇ ಸಮನಾಗಿರಬೇಕು. ಇಲ್ಲದಿದ್ದರೆ ವೋಲ್ಟೇಜ್ ಏರಿದಾಗ ದ್ರಾವಣ ಒಡೆದು ಅನಿಲವಾಗಿ ಸೆಲ್ ಉಬ್ಬುತ್ತದೆ. ತೊಳೆಯುವ, ಕಾಸುವ, ಅಳೆಯುವ ಈ ಕೆಲಸಕ್ಕೆ ಶಿಸ್ತು ಬೇಕು, ಹಣ ಬೇಕು. ಇದ್ದಿಲು ಸುಡುವ ಹಂತದಲ್ಲೂ ಸುಧಾರಣೆ ಆಗಲೇಬೇಕು. ತೆರೆದ ಗುಂಡಿಯ ಹೊಗೆ ಊರಿನವರ ಎದೆಗೆ ಹೋಗುತ್ತದೆ. ಅದೇ ಅನಿಲವನ್ನು ಹಿಡಿದರೆ, ಇದ್ದಿಲಿಗೆ ಉಗಿ ಹಾಯಿಸಿ ರಂಧ್ರ ಕೊರೆಯುವ ಮುಂದಿನ ಹಂತಕ್ಕೆ ಬೇಕಾದ ಶಾಖವಾಗುತ್ತದೆ. ಗ್ರಾಫೀನ್ ಆಕ್ಸೈಡ್ ತಯಾರಿಸಲು ಇಂದಿಗೂ ಹೆಚ್ಚಾಗಿ ಬಳಸುವ ಹಮ್ಮರ್ಸ್ ವಿಧಾನವೇನೂ ಹಸಿರಲ್ಲ ಎಂಬುದನ್ನು ಇದರ ಜೊತೆಗೇ ನೆನೆಯಬೇಕು. ಅದು ಗಾಢ ಸಲ್ಫ್ಯೂರಿಕ್ ಆಮ್ಲ, ಪರ್ಮಾಂಗನೇಟ್, ಆಮೇಲೆ ತೊಳೆಯಲು ವಿಪರೀತ ನೀರು ಬೇಡುತ್ತದೆ.

ಹಣ ಹಂಚುವ ಸಮಿತಿಗಳಿಗೂ ಮಾರ್ಗದರ್ಶಕರಿಗೂ ನನ್ನ ಬೇಡಿಕೆ ಸರಳವಾದದ್ದು. ಹೊಸ ಎಲೆಕ್ಟ್ರೋಡ್ ವಸ್ತುವಿನ ಪ್ರತಿ ವರದಿಯಲ್ಲೂ ಘನ ಸೆಂಟಿಮೀಟರಿನ ಲೆಕ್ಕ, ಪದರದ ದಪ್ಪ, ಎರಡು ಎಲೆಕ್ಟ್ರೋಡಿನ ಪೂರ್ಣ ಸೆಲ್ಲಿನ ಅಳತೆ ಇರಲಿ. ಪಕ್ಕದಲ್ಲಿ ಅದೇ ಸ್ಥಿತಿಯಲ್ಲಿ ಅಳೆದ ಚಿಪ್ಪಿನ ಇಂಗಾಲದ ಅಂಕಿಯೂ ಇರಲಿ. ಬೆಂಗಳೂರಿಗೆ ಇದು ಹೊಸ ಹಾದಿಯೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ. ಶುಕ್ಲಾ ಅವರು ಒಂದು ಕಡೆ ಸೀಸ, ಇನ್ನೊಂದು ಕಡೆ ಇಂಗಾಲ ಇಟ್ಟು ಅಗ್ಗದ ಮಿಶ್ರ ಕೆಪಾಸಿಟರುಗಳನ್ನು ರೂಪಿಸಿದ್ದು ಇಂಥ ಪೂರ್ಣ ಸಾಧನದ ದೃಷ್ಟಿಯಿಂದಲೇ.

ಕೇಂಬ್ರಿಜ್‌ನ ಫಲಿತಾಂಶ ಒಂದು ಪ್ರಶ್ನೆಯನ್ನು ನೇರವಾಗಿ ನಮ್ಮ ಅಂಗಳಕ್ಕೆ ತಂದಿಟ್ಟಿದೆ. ಅವ್ಯವಸ್ಥೆಯೇ ಗುಣವಾದರೆ, ಅದನ್ನು ಹೆಚ್ಚು ಕಡಿಮೆ ಮಾಡುವುದು ಯಾವುದು? ಚಿಪ್ಪಿನ ತಳಿಯೇ, ಕಾಯಿ ಬಲಿತ ಹದವೇ, ಸುಟ್ಟ ಉಷ್ಣತೆಯೇ, ಉಗಿ ಹಾಯಿಸಿದ ಅವಧಿಯೇ? ತಿಪಟೂರು ಟಾಲ್ ತಳಿಯ ಕಾಯಿ ಒಣಗುತ್ತ ಅಟ್ಟದಲ್ಲಿ ಕಳೆಯುವ ತಿಂಗಳುಗಳಲ್ಲಿ ಅದರ ಚಿಪ್ಪಿನ ಲಿಗ್ನಿನ್ ಬದಲಾಗುತ್ತದೆಯೇ, ಹಸಿ ಕಾಯಿಯ ಚಿಪ್ಪಿಗಿಂತ ಅದರ ಇಂಗಾಲ ಬೇರೆಯಾಗಿರುತ್ತದೆಯೇ? ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಎನ್‌ಎಂಆರ್ ಸಂಶೋಧನಾ ಕೇಂದ್ರವಿದೆ. ತಿಪಟೂರು ಅಲ್ಲಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ. ಒಂದು ಚೀಲ ಚಿಪ್ಪು ತಂದು ಈ ಕೆಲಸವನ್ನು ಈ ವರ್ಷವೇ ಶುರುಮಾಡಬಹುದು.